ಬಿಸಿ ಗಾಳಿ ಹೊರಗೆ ಹೋಗಲು ದಾರಿ: ಹಗುರ ವಿಮಾನಕ್ಕೆ ಎಂಜಿನ್ ಕೂರಿಸಿದ ಅನುಭವ

ನಾನು ಜೋಡಿಸಿದ ಎಕ್ಸ್‌-ಏರ್ ಹಾಕ್ ಎಂಬ ಎರಡು ಆಸನದ ಹಗುರ ವಿಮಾನದ ಕಿಟ್ ತಯಾರಾದದ್ದು ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್‌ನಲ್ಲಿ. ಬ್ರಿಟನ್ನಿನಲ್ಲಿ ಹಾಕ್ ಎನ್ನುವ ಇದಕ್ಕೆ ಬೇರೆಡೆ ಹನುಮಾನ್ ಎಂಬ ಹೆಸರಿದೆ. ಎಂಜಿನ್ ಆಸ್ಟ್ರೇಲಿಯಾದ ಬುಂಡಬರ್ಗ್‌ನ ಜಬಿರು 2200. ಎರಡನ್ನೂ ಕೂಡಿಸಿದ್ದು ಇಂಗ್ಲೆಂಡಿನ ಒಂದು ಹೊಲದಂಚಿನ ಶೆಡ್ಡಿನಲ್ಲಿ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಬಟ್ಟೆಯ ಹೊದಿಕೆ ಎಲ್ಲವೂ ಕೈಪಿಡಿಯ ಪ್ರಕಾರ ಸಾಗುತ್ತವೆ. ತಾಳ್ಮೆಯಷ್ಟೇ ಸಾಲದೆ ತಲೆಯನ್ನೂ ಕೊಡಬೇಕಾದದ್ದು ಎಂಜಿನ್ನನ್ನು ತಂಪಾಗಿಡುವ ಕೆಲಸಕ್ಕೆ. ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಕೂರಿಸುವುದು ಅಷ್ಟೇನೂ ಕಷ್ಟವಲ್ಲ. ಎಂಜಿನ್ನಿನ ತೂಕ ಸುಮಾರು 60 ಕಿಲೋ. ಸರಪಳಿ ರಾಟೆಗೆ ತೂಗುಹಾಕಿ, ಹಿಂಬದಿಯ ನಾಲ್ಕು ಬೋಲ್ಟ್‌ಗಳನ್ನು ರಬ್ಬರ್ ಬುಷ್‌ಗಳ ಮೂಲಕ ದಾಟಿಸಿದರೆ ಕೂತುಬಿಡುತ್ತದೆ. ನಾಲ್ಕನ್ನೂ ಸಡಿಲವಾಗಿ ಹಾಕಿ, ಆಮೇಲೆ ಸರದಿಯಂತೆ ಟಾರ್ಕ್ ರೆಂಚ್‌ನಿಂದ, ಅಂದರೆ ಬಿಗಿತ ಅಳೆಯುವ ಸ್ಪ್ಯಾನರಿನಿಂದ, ಬಿಗಿ ಮಾಡಬೇಕು. ಬ್ಯಾಟರಿಯ ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಈ ಎಂಜಿನ್ನಿನ ಇಗ್ನಿಷನ್ ಕಾಯಿಲ್‌ಗಳು ಕಿಡಿ ಕೊಡಬೇಕಾದರೆ ಸ್ಟಾರ್ಟರ್ ಅದನ್ನು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗಿಸಬೇಕು. ತೆಳುವಾದ ಕೇಬಲ್ ಹಾಕಿದರೆ ಚಳಿಗಾಲದ ಬೆಳಗ್ಗೆ ಪ್ರೊಪೆಲ್ಲರ್ ಸೋಮಾರಿಯಂತೆ ತಿರುಗುತ್ತದೆಯೇ ಹೊರತು ಎಂಜಿನ್ ಹತ್ತುವುದಿಲ್ಲ.

ಇನ್ನು ತಂಪಿನ ವಿಷಯ. ಜಬಿರು ಗಾಳಿಯಿಂದ ತಣಿಯುವ ಎಂಜಿನ್, ನೀರಿನ ರೇಡಿಯೇಟರ್ ಇಲ್ಲ. ಎರಡೂ ಬದಿಯ ಜೋಡಿ ಸಿಲಿಂಡರ್‌ಗಳ ಮೇಲೆ ಫೈಬರ್‌ಗ್ಲಾಸ್ ಡಕ್ಟ್‌ಗಳು ಕೂರುತ್ತವೆ. ಮುಂದಿನ ಕಿಂಡಿಯಿಂದ ನುಗ್ಗಿದ ಗಾಳಿ ಡಕ್ಟಿನಲ್ಲಿ ಒತ್ತಡ ಕಟ್ಟಿಕೊಂಡು, ಸಿಲಿಂಡರಿನ ರೆಕ್ಕೆಪಟ್ಟಿಗಳ ಸಂದಿನಿಂದ ಕೆಳಗಿಳಿದು, ಕೌಲಿಂಗಿನ (ಎಂಜಿನ್ನನ್ನು ಮುಚ್ಚುವ ಹೊರಕವಚ) ತಳದಿಂದ ಹೊರಬೀಳಬೇಕು. ಬಿಸಿ ಹೆಚ್ಚಿತೆಂದರೆ ಮುಂದಿನ ಕಿಂಡಿಯನ್ನು ದೊಡ್ಡದು ಮಾಡೋಣ ಎಂದು ಎಲ್ಲರಿಗೂ ಮೊದಲು ತೋಚುತ್ತದೆ. ಹೊಗೆಗೂಡು ಮುಚ್ಚಿಹೋದ ಒಲೆಗೆ ಎಷ್ಟು ಊದಿದರೇನು? ಗಾಳಿ ಒಳಗೆ ಬರುವುದಕ್ಕಿಂತ ಅದನ್ನು ಹೊರಗೆ ಎಳೆದುಕೊಳ್ಳುವುದು ಮುಖ್ಯ. ಹೊರದಾರಿಯ ವಿಸ್ತಾರ ಒಳದಾರಿಗಳ ಒಟ್ಟು ವಿಸ್ತಾರದ ಮೂರು ಪಟ್ಟಾದರೂ ಇರಬೇಕು ಎಂಬುದು ಜಬಿರು ಜೋಡಿಸುವವರ ನಿಯಮ. ಅದರ ಜೊತೆಗೆ ಕೌಲಿಂಗಿನ ಕೆಳಅಂಚಿನಲ್ಲಿ ಒಂದಿಂಚಿನಷ್ಟು ಅಗಲದ ತುಟಿಯನ್ನು ಹೊರಕ್ಕೆ ಬಾಗಿಸಿ ಕೂರಿಸಿದೆ. ಹಾರುವಾಗ ಅದರ ಹಿಂದೆ ಒತ್ತಡ ಕುಸಿದು, ಬಿಸಿ ಗಾಳಿ ತಾನಾಗಿ ಹೊರಕ್ಕೆ ಸೆಳೆದುಕೊಳ್ಳುತ್ತದೆ.

ಸೋರಿಕೆ ಮುಚ್ಚುವ ಕೆಲಸಕ್ಕೆ ಎಂಜಿನ್ ಕೂರಿಸಿದ್ದಕ್ಕಿಂತ ಹೆಚ್ಚು ಸಂಜೆಗಳನ್ನು ಕೊಟ್ಟೆ, ಅದಕ್ಕೆ ಬೇಸರವಿಲ್ಲ. ಡಕ್ಟಿನೊಳಗೆ ಟಾರ್ಚ್ ಇಟ್ಟು ಶೆಡ್ಡಿನ ದೀಪ ಆರಿಸಿದರೆ ಡಕ್ಟ್ ಮತ್ತು ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ನಡುವಿನ ಒಡಲು) ಸೇರುವ ಕಡೆ, ಸ್ಪಾರ್ಕ್ ಪ್ಲಗ್ ವೈರ್ ಹಾದುಹೋಗುವ ರಂಧ್ರದ ಸುತ್ತ ಬೆಳಕಿನ ಗೆರೆಗಳು ಕಾಣುತ್ತವೆ. ಬೆಳಕು ಬರುವಲ್ಲೆಲ್ಲ ಗಾಳಿಯೂ ಪೋಲಾಗುತ್ತದೆ. ಅಲ್ಲೆಲ್ಲ ಶಾಖ ತಡೆಯುವ ಸಿಲಿಕೋನ್, ರಬ್ಬರ್ ಪಟ್ಟಿ ತುಂಬಿದೆ. ಕಾಯಿಲ್‌ಗಳಿಗೆ ತಂಪು ಗಾಳಿ ಒಯ್ಯುವ ಸಣ್ಣ ಕೊಳವೆಗಳನ್ನು ಮಾತ್ರ ಮುಚ್ಚಬಾರದು.

ತಾಪಮಾನದ ಮೀಟರ್ ಒಂದೇ ಸಿಲಿಂಡರಿಗೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕಕ್ಕೂ ತಾಪ ಅಳೆಯುವ ಥರ್ಮೋಕಪಲ್ ಹಾಕಿದೆ. ಅದರ ತಂತಿಯ ಉದ್ದ ಸಾಲದಿದ್ದರೆ ಸಾಮಾನ್ಯ ತಾಮ್ರದ ತಂತಿ ಸೇರಿಸಿ ಉದ್ದ ಮಾಡಬಾರದು. ಸೇರಿಸಿದ ಗಂಟು ಬಿಸಿ ಕೌಲಿಂಗಿನೊಳಗೆ ಉಳಿದರೆ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಪೈಲಟ್ ನೆಮ್ಮದಿಯಾಗಿ ಕೂತಿರುತ್ತಾನೆ. ಸಿಲಿಂಡರ್ ಹೆಡ್‌ನ (ಸಿಲಿಂಡರಿನ ತುದಿ ಮುಚ್ಚುವ ಭಾಗ) ತಾಪ ಸತತ ಹಾರಾಟದಲ್ಲಿ 180 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಏರುವಾಗ ಸ್ವಲ್ಪ ಹೊತ್ತು ಮಾತ್ರ 200ರವರೆಗೆ ಅವಕಾಶ.

ಗಾಳಿ ಸರಿಯಾಗಿ ಹಾಯುತ್ತಿದೆಯೇ ಎಂದು ತಿಳಿಯಲು ಡಕ್ಟಿಗೂ ಸಿಲಿಂಡರಿನ ಕೆಳಭಾಗಕ್ಕೂ ಇರುವ ಒತ್ತಡದ ವ್ಯತ್ಯಾಸ ನೋಡಬೇಕು. ಅದನ್ನು ಅಳೆಯಲು ನೀರು ತುಂಬಿದ ಯು ಆಕಾರದ ಪ್ಲಾಸ್ಟಿಕ್ ನಳಿಕೆ ಸಾಕು, ಆದರೆ ಕುಲುಕಾಟದಲ್ಲಿ ಅದನ್ನು ಓದುವುದು ಕಷ್ಟ. ನಾನು ಹಳೆಯದೊಂದು ವೇಗಮಾಪಕ ಬಳಸಿದೆ. ಅದೂ ಎರಡು ಒತ್ತಡಗಳ ವ್ಯತ್ಯಾಸವನ್ನೇ ಅಳೆಯುವ ಸಾಧನ. ಒಂದು ನಳಿಕೆ ಡಕ್ಟಿಗೆ, ಇನ್ನೊಂದು ಸಿಲಿಂಡರಿನ ಕೆಳಗೆ. ಗಾಳಿಯ ಹೊಡೆತ ನೇರವಾಗಿ ತಾಗದಂತೆ ನಳಿಕೆಗಳ ತುದಿ ಮುಚ್ಚಿ ಪಕ್ಕದಲ್ಲಿ ಸಣ್ಣ ರಂಧ್ರ ಕೊರೆದೆ. ಮುಳ್ಳು 60 ನಾಟ್ (ವಿಮಾನದ ವೇಗದ ಅಳತೆ) ತೋರಿಸಿದರೆ ವ್ಯತ್ಯಾಸ ಸುಮಾರು 60 ಮಿಲಿಮೀಟರ್ ಎತ್ತರದ ನೀರಿನ ಒತ್ತಡದಷ್ಟು. ನೆನಪಿಡುವುದು ಸುಲಭ, ನಾನು ಇಟ್ಟುಕೊಂಡ ಗುರಿಯೂ ಅದೇ. 50 ನಾಟ್ ವೇಗದಲ್ಲಿ ಏರುವ ವಿಮಾನಕ್ಕೆ ಎದುರುಗಾಳಿ ಕೊಡುವುದು ಸುಮಾರು 41 ಮಿಲಿಮೀಟರ್. ಉಳಿದದ್ದನ್ನು ಪ್ರೊಪೆಲ್ಲರಿನ ಗಾಳಿಯಿಂದ, ತಳದ ತುಟಿಯ ಸೆಳೆತದಿಂದ ಗಳಿಸಬೇಕು. ತುಟಿಗೆ ಅಷ್ಟು ಶ್ರಮಪಟ್ಟದ್ದು ಈ ಕಾರಣಕ್ಕೆ.

ಹಂತಹಂತವಾಗಿ ಪರಿಶೀಲಿಸಲು ಬರುತ್ತಿದ್ದ ಇನ್‌ಸ್ಪೆಕ್ಟರ್ ಹಿರಿಯರು, ಮಿತಭಾಷಿ. "ಹಿಂದಿನ ಸಿಲಿಂಡರ್ ಹೆಚ್ಚು ಬಿಸಿಯಾದರೆ ಕಿಂಡಿಗೆ ಕೈ ಹಾಕಬೇಡಿ, ಡಕ್ಟಿನೊಳಗಿನ ತಡೆಪಟ್ಟಿಯನ್ನು ಸ್ವಲ್ಪ ಬಾಗಿಸಿ ನೋಡಿ," ಎಂದಿದ್ದರು. ಪಟ್ಟಿ ಬಾಗಿಸಿದ ಮೇಲೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಇದ್ದ ಅಂತರ ಕಣ್ಣಿಗೆ ಕಾಣುವಷ್ಟು ತಗ್ಗಿತು.

ನೆಲದ ಮೇಲೆ ಎಂಜಿನ್ ಓಡಿಸುವಾಗ ಮೂಗು ಗಾಳಿಗೆ ಎದುರಾಗಿರಲಿ, ಡಕ್ಟ್ ಕಳಚಿ ಎಂದಿಗೂ ಓಡಿಸಬಾರದು. ಮೊದಲ ಕೆಲವು ಗಂಟೆಗಳ ಹಾರಾಟದ ನಂತರ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳ ಬಿಗಿತವನ್ನು ಮತ್ತೆ ನೋಡಬೇಕು. ಇಂಗ್ಲೆಂಡಿನ ಚಳಿಗಾಲದಲ್ಲಿ ಇನ್ನೊಂದು ತೊಂದರೆ: ಆಯಿಲ್ 80 ಡಿಗ್ರಿಗೂ ಏರುವುದಿಲ್ಲ, ಒಳಗೆ ಸೇರಿದ ತೇವ ಆವಿಯಾಗದೆ ಉಳಿದುಬಿಡುತ್ತದೆ. ನವೆಂಬರ್ ಬಂದರೆ ಆಯಿಲ್ ಕೂಲರಿನ ಒಂದು ಭಾಗಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸುತ್ತೇನೆ, ಬೇಸಿಗೆಯ ಮೊದಲ ಹಾರಾಟಕ್ಕೆ ಮುಂಚೆ ಕಿತ್ತುಹಾಕುತ್ತೇನೆ.