ಸಾದಾ ಪೆಟ್ರೋಲ್ ಸೆಡಾನ್‌ಗೆ ಟರ್ಬೊ ಕೂರಿಸುವ ಬಗೆ

ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸದಿಂದ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಮೊದಲೇ ಅದನ್ನು ಕೊಳ್ಳಬೇಡಿ. ಮೊದಲು ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕಿ ನೋಡಿ. ನಾಲ್ಕು ಸಿಲಿಂಡರ್‌ಗಳ ನಡುವೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲ್ಲಿಗೇ ನಿಲ್ಲಿಸಿ. ಆ ದುಡ್ಡನ್ನು ಎಂಜಿನ್ ಕೆಲಸಕ್ಕೆ ಹಾಕಿ. ನೀಲಿ ಹೊಗೆ ಬಿಡುವ ಎಂಜಿನ್ ಮೇಲೆ ಯಾರು ಎಷ್ಟು ಚೆನ್ನಾಗಿ ವೆಲ್ಡಿಂಗ್ ಮಾಡಿದರೂ ವ್ಯರ್ಥ.

ನನ್ನದು ಹಾಸನದ ಬಿ. ಕಾಟೀಹಳ್ಳಿ ಕಡೆ ಫ್ಯಾಬ್ರಿಕೇಶನ್ ಶಾಪ್. ಹೊಟ್ಟೆಪಾಡು ನಡೆಯುವುದು ಟ್ರ್ಯಾಕ್ಟರ್ ಟ್ರೈಲರ್, ಗೇಟು, ಕಾಫಿ ಪಲ್ಪರ್ ರಿಪೇರಿಯಿಂದ. ಆದರೆ ಬೇಲೂರು, ಸಕಲೇಶಪುರದ ತೋಟದ ಹುಡುಗರು ಹಳೆಯ 1.5 ಲೀಟರ್ ಸೆಡಾನ್ ತಂದು ನಿಲ್ಲಿಸಿ, "ಅಣ್ಣಾ, ಇದಕ್ಕೊಂದು ಟರ್ಬೊ ಕೂರಿಸಿಕೊಡಿ" ಅನ್ನುತ್ತಾರೆ. ಅವರಿಗೆ ಮೊದಲು ಹೇಳುವುದು ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಇನ್ಶೂರೆನ್ಸ್ ಕ್ಲೇಮೂ ಕೈಕೊಡಬಹುದು. ಹಾಗಾಗಿ ಈ ಗಾಡಿ ಟ್ರ್ಯಾಕ್‌ಗೆ, ಆಟೋಕ್ರಾಸ್‌ಗೆ, ಸ್ವಂತ ಜಾಗಕ್ಕೆ ಮಾತ್ರ. ದಿನಾ ಆಫೀಸಿಗೆ ಹೋಗುವ ಕಾರಾದರೆ ನಾನು ಕೈ ಹಾಕುವುದಿಲ್ಲ.

ಟರ್ಬೊ ಆರಿಸುವಾಗ ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಡೀಸೆಲ್ ವಿಜಿಟಿ ಟರ್ಬೊ (ಹೊಗೆಯ ದಾರಿಯನ್ನು ಹಿರಿದು ಕಿರಿದು ಮಾಡುವ ವೇನ್ ಎಂಬ ಎಲೆಗಳು ಒಳಗಿರುವಂಥದ್ದು) ಮುಟ್ಟಬೇಡಿ. ಡೀಸೆಲ್ ಹೊಗೆಯ ಬಿಸಿ ಹೆಚ್ಚೆಂದರೆ 800 ಡಿಗ್ರಿ ಆಸುಪಾಸು. ಪೆಟ್ರೋಲ್ ಎಂಜಿನ್ ಜೋರಾಗಿ ಓಡುವಾಗ 950 ದಾಟುತ್ತದೆ. ಒಳಗಿನ ವೇನ್‌ಗಳು ಆ ಶಾಖಕ್ಕೆ ಹಿಡಿದುಕೊಂಡು ಬಿಡುತ್ತವೆ. ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಇರುವ ಚಿಕ್ಕ ಪೆಟ್ರೋಲ್ ಟರ್ಬೊ ಹುಡುಕಿ. ಮಿತ್ಸುಬಿಷಿ ಟರ್ಬೊಗಳ ಲೆಕ್ಕದಲ್ಲಿ ಟಿಡಿ025ರಿಂದ ಚಿಕ್ಕ ಟಿಡಿ04 ತನಕದ ಸೈಜ್ ಸಾಕು. ಸೆಕೆಂಡ್ ಹ್ಯಾಂಡ್ ಆದರೆ ಶಾಫ್ಟ್ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಆ ಕಡೆ ಆಟ ಕೈಗೆ ಗೊತ್ತಾಗಲೇಬಾರದು. ಮೇಲೆ ಕೆಳಗೆ ಸ್ವಲ್ಪ ಆಡಿದರೆ ಪರವಾಗಿಲ್ಲ, ರೆಕ್ಕೆ ಮಾತ್ರ ಗೋಡೆಗೆ ತಾಗಬಾರದು.

ಇನ್ನು ಎಲ್ಲರೂ ಎಡವುವ ಜಾಗ. ಬಾನೆಟ್ ಎತ್ತಿದ ಕೂಡಲೇ ಟರ್ಬೊ ಎಲ್ಲಿ ಚೆಂದ ಕಾಣುತ್ತದೆ ಅಂತ ನೋಡುತ್ತಾರೆ. ನೋಡಬೇಕಾದ್ದು ಅದನ್ನಲ್ಲ, ಆಯಿಲ್ ವಾಪಸ್ ಹೋಗುವ ದಾರಿಯನ್ನು. ಟರ್ಬೊಗೆ ಆಯಿಲ್ ಒಳಗೆ ಬರುವುದು ಪಂಪಿನ ಒತ್ತಡದಲ್ಲಿ, ಹೊರಗೆ ಹೋಗುವುದು ಬರೀ ತನ್ನ ಭಾರದಿಂದ. ಹೊರಬರುವಾಗ ಅದು ಕಡೆದ ಮಜ್ಜಿಗೆಯ ಹಾಗೆ ನೊರೆನೊರೆಯಾಗಿರುತ್ತದೆ, ತೆಳು ಪೈಪಿನಲ್ಲಿ ಇಳಿಯುವುದೇ ಇಲ್ಲ. ಹಾಗಾಗಿ ಡ್ರೈನ್ ಪೈಪಿನ ಒಳ ಅಳತೆ 16 ಎಂ.ಎಂ. ಇಡಿ. ಎಲ್ಲೂ ಜೋತು ಬೀಳದ ಹಾಗೆ ಉದ್ದಕ್ಕೂ ಇಳಿಜಾರಾಗಿ ಬರಲಿ. ಸಂಪ್‌ಗೆ (ಎಂಜಿನ್ ಅಡಿಯ ಆಯಿಲ್ ತಟ್ಟೆಗೆ) ಸೇರುವ ತೂತು ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ಆಯಿಲ್ ಟರ್ಬೊದಲ್ಲೇ ನಿಂತು, ಸೀಲ್ ದಾಟಿ ಸೈಲೆನ್ಸರಿಗೆ ಹೋಗುತ್ತದೆ. ಆಮೇಲೆ ಜನ "ಟರ್ಬೊ ಸೀಲ್ ಹೋಯ್ತು" ಅಂತ ಹೊಸದು ತರುತ್ತಾರೆ. ಅದೂ ಹೊಗೆ ಬಿಡುತ್ತದೆ. ಸೀಲ್ ಎಲ್ಲಿ ಹೋಗಿತ್ತು, ಹೋಗದೇ ಇದ್ದದ್ದು ಆಯಿಲ್ ಅಲ್ವಾ?

ಸಂಪ್ ಬಿಚ್ಚಿ, ಚೆನ್ನಾಗಿ ತೊಳೆದು, ಬೋಲ್ಟ್ ಹಾಕುವ ಬಂಗ್ (ಡ್ರೈನ್ ಪೈಪ್ ಜೋಡಿಸುವ ದಪ್ಪ ತುಂಡು) ಅನ್ನು ಅದಕ್ಕೆ ವೆಲ್ಡ್ ಮಾಡಿ. ಗಾಡಿಯಲ್ಲಿ ಇದ್ದ ಹಾಗೇ ತೂತು ಕೊರೆದು, ಗ್ರೀಸ್ ಹಚ್ಚಿದ ಡ್ರಿಲ್ ಚೂರು ಹಿಡಿಯುತ್ತದೆ ಅನ್ನುವವರನ್ನು ನಂಬಬೇಡಿ. ಆಯಿಲ್ ಫೀಡ್‌ಗೆ ಪ್ರೆಷರ್ ಸ್ವಿಚ್ ಇರುವ ಜಾಗದಲ್ಲಿ ಟಿ ಆಕಾರದ ಜಾಯಿಂಟ್ ಹಾಕಿ, ಹೆಣೆದ ಸ್ಟೀಲ್ ಕವಚದ ಹೋಸ್ ಎಳೆದರೆ ಆಯಿತು.

ಆಯಿಲ್ ಇಳಿಯುವ ದಾರಿ ಗೊತ್ತಾದ ಮೇಲೆ ಟರ್ಬೊವನ್ನು ಮರದ ತುಂಡು, ಕಟ್ಟುತಂತಿಯಿಂದ ಅದೇ ಜಾಗದಲ್ಲಿ ನಿಲ್ಲಿಸಿ. ಫ್ಯಾನ್, ಸ್ಟಾರ್ಟರ್ ಮೋಟರ್, ಬಾನೆಟ್ ಎಲ್ಲಕ್ಕೂ ಜಾಗ ಇದೆಯಾ ನೋಡಿ. ಎಕ್ಸಾಸ್ಟ್ ರೇಡಿಯೇಟರ್ ಕಡೆ ಇರುವ ಎಂಜಿನ್ನಾದರೆ ಕೆಲಸ ಸಲೀಸು. ಫೈರ್‌ವಾಲ್ (ಎಂಜಿನ್ನಿಗೂ ಒಳಗೆ ಕೂರುವ ಜಾಗಕ್ಕೂ ನಡುವಿನ ಗೋಡೆ) ಕಡೆ ಇದ್ದರೆ ಬ್ರೇಕ್ ಪೈಪಿಗೂ ವೈರಿಂಗಿಗೂ ಶಾಖ ತಡೆಯುವ ತಗಡು ಬೇಕೇ ಬೇಕು.

ಹೆಡ್‌ನಿಂದ ಟರ್ಬೊಗೆ ಹೊಗೆ ತರುವ ಮ್ಯಾನಿಫೋಲ್ಡ್‌ಗೆ ಸೈಲೆನ್ಸರ್ ಪೈಪ್ ಸಾಲದು. ಶೆಡ್ಯೂಲ್ 40 ಸ್ಟೀಮ್ ಪೈಪಿನ ಒಂದೂಕಾಲು ಇಂಚಿನ ಬೆಂಡ್‌ಗಳನ್ನು ತನ್ನಿ. ಹೊರ ಅಳತೆ 42 ಎಂ.ಎಂ., ಗೋಡೆ ಮೂರೂವರೆ ಎಂ.ಎಂ. ದಪ್ಪ. ಟರ್ಬೊದ ಭಾರವನ್ನೂ ಶಾಖವನ್ನೂ ತಡೆಯುವುದು ಆ ದಪ್ಪವೇ. ಹೆಡ್ ಕಡೆಯ ಫ್ಲ್ಯಾಂಜ್‌ಗೆ (ಬೋಲ್ಟ್ ಹಾಕಿ ಬಿಗಿಯುವ ಚಪ್ಪಟೆ ಅಂಚಿಗೆ) 12 ಎಂ.ಎಂ. ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಪ್ಲೇಟ್. ಸ್ಟೇನ್‌ಲೆಸ್ ಮಿಂಚುತ್ತದೆ ನಿಜ, ಆದರೆ ಬಿಸಿಗೆ ಎಂ.ಎಸ್.ಗಿಂತ ಜಾಸ್ತಿ ಹಿಗ್ಗುತ್ತದೆ, ಬಿರುಕೂ ಬೇಗ. ನನ್ನ ಆಯ್ಕೆ ಯಾವತ್ತೂ ಎಂ.ಎಸ್.

ಗುಜರಿಯಿಂದ ಅದೇ ಎಂಜಿನ್ನಿನ ಕೆಟ್ಟ ಹೆಡ್ ಒಂದನ್ನು ತನ್ನಿ. ಫ್ಲ್ಯಾಂಜ್ ಅನ್ನು ಅದಕ್ಕೆ ಎಲ್ಲಾ ಬೋಲ್ಟ್ ಹಾಕಿ ಬಿಗಿದು, ಆಮೇಲೆ ಪೈಪ್‌ಗಳಿಗೆ ಟ್ಯಾಕ್ (ಚುಕ್ಕಿ ವೆಲ್ಡ್) ಹೊಡೆಯಿರಿ. ಆರ್ಕ್ ರಾಡ್ ಬೇಡ, ಟಿಗ್‌ನಲ್ಲೇ (ಗ್ಯಾಸ್ ಬಳಸುವ, ಕಿಟ್ಟ ಬಾರದ ವೆಲ್ಡಿಂಗ್‌ನಲ್ಲಿ) ಮಾಡಿ. ರಾಡ್‌ನ ಸ್ಲ್ಯಾಗ್ (ಕಿಟ್ಟ) ಒಳಗೆ ಅಂಟಿಕೊಂಡಿದ್ದು ಯಾವತ್ತೋ ಒಂದು ದಿನ ಉದುರುತ್ತದೆ. ಅದರ ಮುಂದಿರುವುದು ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಟರ್ಬೈನ್. ಒಂದೇ ಪೋರ್ಟಿನ ಸುತ್ತ ಪೂರ್ತಿ ವೆಲ್ಡ್ ಎಳೆಯಬೇಡಿ. ಒಂದನೆಯದರಲ್ಲಿ ಕಾಲು ಸುತ್ತು, ನಾಲ್ಕನೆಯದರಲ್ಲಿ ಕಾಲು, ಎರಡು, ಮೂರು, ಹೀಗೆ ತಿರುಗಿಸುತ್ತಾ ಹೋಗಿ. ಕೈ ಇಡುವಷ್ಟು ತಣ್ಣಗಾಗುವ ತನಕ ಬೋಲ್ಟ್ ಬಿಚ್ಚಬಾರದು. ಒಳಗೆ ಇಳಿದ ಹನಿಗಳನ್ನು ಡೈ ಗ್ರೈಂಡರ್ ಹಾಕಿ ನುಣುಪು ಮಾಡಿ, ಬೆರಳು ಆಡಿಸಿ ನೋಡಿ.

ಇಷ್ಟೆಲ್ಲಾ ಮಾಡಿದರೂ ಫ್ಲ್ಯಾಂಜ್ ಬಾಗಿಯೇ ಬಾಗುತ್ತದೆ. ಮೆಷಿನ್ ಶಾಪಿನಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಸ್ಟ್ರೈಟ್ ಎಡ್ಜ್ ಇಟ್ಟರೆ 0.1 ಎಂ.ಎಂ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ನುಗ್ಗಬಾರದು. ಗ್ರೈಂಡಿಂಗ್ ಆದ ಮೇಲೆ ಪೋರ್ಟ್‌ಗಳ ನಡುವೆ ಫ್ಲ್ಯಾಂಜನ್ನು ಕತ್ತರಿಸಿಬಿಡಿ. ಪ್ರತಿ ತುಂಡೂ ತನ್ನಷ್ಟಕ್ಕೆ ಹಿಗ್ಗಲು ಜಾಗ ಸಿಗುತ್ತದೆ. ಟರ್ಬೊದಿಂದ ಬ್ಲಾಕಿಗೆ ಒಂದು ಸಪೋರ್ಟ್ ಪಟ್ಟಿ, ಟರ್ಬೊದಿಂದ ಸೈಲೆನ್ಸರಿಗೆ ಹೋಗುವ ಎರಡೂವರೆ ಇಂಚಿನ ಡೌನ್‌ಪೈಪಿನಲ್ಲಿ ಒಂದು ಫ್ಲೆಕ್ಸ್ (ಬಾಗುವ ತುಂಡು) ಹಾಕುವುದನ್ನು ಮರೆಯಬೇಡಿ.

ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೆಲಸ ಇದಕ್ಕೆ ಹೋಲಿಸಿದರೆ ಏನೂ ಅಲ್ಲ. ಡೀಸೆಲ್ ಕಾರಿನದ್ದೇ ನಡೆಯುತ್ತದೆ. ಎರಡಿಂಚಿನ ಅಲ್ಯೂಮಿನಿಯಂ ಪೈಪಿನ ತುದಿಗೆ ಉಬ್ಬು ಮಾಡಿಸಿ, ಇಲ್ಲದಿದ್ದರೆ ಹೋಸ್ ಹಾರುತ್ತದೆ. ಪಿಸಿವಿ (ಎಂಜಿನ್ ಒಳಗಿನ ಆವಿಯನ್ನು ಎಳೆಯುವ ಪೈಪ್) ಮತ್ತು ಬ್ರೇಕ್ ಬೂಸ್ಟರ್ ಪೈಪಿನಲ್ಲಿ ಚೆಕ್ ವಾಲ್ವ್ (ಒಂದೇ ಕಡೆಗೆ ಗಾಳಿ ಬಿಡುವ ವಾಲ್ವ್) ಇರಲಿ. ಕೊನೆಗೆ ಈ ಪೈಪುಗಳಿಗೆ ಅರ್ಧ ಬಾರ್ ಗಾಳಿ ತುಂಬಿ, ಸೋಪು ನೀರು ಹಚ್ಚಿ, ಗುಳ್ಳೆ ಬರುವ ಕಡೆ ಬಿಗಿಯಿರಿ.

ಟ್ಯೂನಿಂಗ್ (ಪೆಟ್ರೋಲ್, ಕಿಡಿಯ ಲೆಕ್ಕ ಹೊಂದಿಸುವುದು) ನನ್ನ ಕಸುಬಲ್ಲ, ಅದಕ್ಕೆ ಬೆಂಗಳೂರಿನವರ ಹತ್ತಿರ ಕಳಿಸುತ್ತೇನೆ. ಆದರೆ ಯಾವ ಲೆಕ್ಕ ಕೇಳಬೇಕು ಅಂತ ನಿಮಗೆ ಗೊತ್ತಿರಲಿ. ಸಾದಾ ಎಂಜಿನ್ನಿನ ಕಂಪ್ರೆಷನ್ ಅನುಪಾತ 10ರ ಆಸುಪಾಸು ಇರುತ್ತದೆ, ಹಾಗಾಗಿ ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ) 0.4 ಬಾರ್ ದಾಟಬಾರದು. 150 ಎಚ್‌ಪಿಗೆ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ 300ರಿಂದ 350 ಸಿಸಿ ಬಿಡುವಂಥದ್ದು ಬೇಕು. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು (ಶಾಖ ಬೇಗ ಬಿಟ್ಟುಕೊಡುವಂಥದ್ದು), ಗ್ಯಾಪ್ 0.7 ಎಂ.ಎಂ. ಬೂಸ್ಟ್‌ನಲ್ಲಿ ವೈಡ್‌ಬ್ಯಾಂಡ್ (ಹೊಗೆ ಅಳೆಯುವ ಸೆನ್ಸರ್) ಲ್ಯಾಂಬ್ಡಾ 0.80 ಸುತ್ತಮುತ್ತ ತೋರಿಸಬೇಕು; ಲ್ಯಾಂಬ್ಡಾ 1 ಅಂದರೆ ಗಾಳಿ, ಪೆಟ್ರೋಲ್ ಸರಿಸಮ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. ಈಗ ಬಂಕಿನಲ್ಲಿ ಇ20 (ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್) ಸಿಗುವುದರಿಂದ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವ ಹಳೆಯ ಲೆಕ್ಕ ಹಿಡಿಯಬೇಡಿ, ಲ್ಯಾಂಬ್ಡಾ ಮಾತ್ರ ನೋಡಿ.

ನಮ್ಮೂರಿನವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ 0.9 ಬಾರ್. ಅದರ ಮೇಲೆ 0.4 ಬೂಸ್ಟ್ ಅಂದರೆ ಎಂಜಿನ್ನಿಗೆ ಸಿಗುವುದು 1.3. ಅದೇ ಗಾಡಿಯನ್ನು ಟ್ರಕ್ಕಿಗೆ ಹೇರಿ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ ಒಯ್ದರೆ ಅಲ್ಲಿ 1.4 ಆಗುತ್ತದೆ, ಜೊತೆಗೆ ಸೆಕೆ ಬೇರೆ. ಇಲ್ಲಿ ನಾಕ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು) ಇಲ್ಲದೆ ಓಡಿದ ಎಂಜಿನ್ ಅಲ್ಲಿ ಟಣ್ ಟಣ್ ಅನ್ನಬಹುದು. ಇಗ್ನಿಷನ್ ಮ್ಯಾಪಿನಲ್ಲಿ (ಎಷ್ಟು ಒತ್ತಡಕ್ಕೆ ಯಾವಾಗ ಕಿಡಿ ಅನ್ನುವ ಪಟ್ಟಿಯಲ್ಲಿ) 1.4ರ ಸಾಲನ್ನೂ ತುಂಬಿಸಿಕೊಂಡೇ ಬನ್ನಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಟರ್ಬೊದ ಆಯಿಲ್ ತೂತಿಗೆ ಕೈಯಲ್ಲೇ ಆಯಿಲ್ ಹುಯ್ಯಿರಿ. ಇಂಜೆಕ್ಟರ್ ಕನೆಕ್ಟರ್ ಕಿತ್ತು, ಆಯಿಲ್ ಲೈಟ್ ಆರುವ ತನಕ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ. ಆಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ. ರೇಸ್ ಮಾಡದೆ ಐಡಲ್‌ನಲ್ಲೇ ಬಿಟ್ಟು, ಟಾರ್ಚ್ ಹಿಡಿದು ಡ್ರೈನ್ ಪೈಪಿನ ಎರಡೂ ತುದಿ ನೋಡಿ. ಫ್ಯಾನ್ ಒಂದು ಸಲ ತಿರುಗಿ ನಿಂತ ಮೇಲೆ ಆಫ್ ಮಾಡಿ. ಪೂರ್ತಿ ಆರಿದ ನಂತರ ಮ್ಯಾನಿಫೋಲ್ಡ್ ನಟ್‌ಗಳನ್ನು ನಡುವಿನಿಂದ ಹೊರಗೆ ಇನ್ನೊಮ್ಮೆ ಬಿಗಿಯಿರಿ. ಮೊದಲ ಆಯಿಲನ್ನು ಬೇಗ ಬದಲಾಯಿಸಿ, ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಚೂರು ಇದೆಯಾ ಅಂತ ಬಿಡಿಸಿ ನೋಡಿ.