ಟ್ರೇಲರ್ ಮೇಲೆ ಚುರುಕು, ನೀರಿಗಿಳಿದರೆ ಮಂಕು: ಜೆಟ್ ಸ್ಕೀ ಎಂಜಿನ್ ಪರೀಕ್ಷೆ

ದಡದಲ್ಲಿ ಸರಾಗವಾಗಿ ಓಡುವ ಎಂಜಿನ್ ಬೇಲೂರಿನ ಯಗಚಿ ಹಿನ್ನೀರಿಗಿಳಿದೊಡನೆ ಕೆಮ್ಮತೊಡಗಿದರೆ ಗಾಬರಿ ಬೇಡ. ನೀರನ್ನು ಹಿಂದಕ್ಕೆ ಚಿಮ್ಮಿಸಿ ಗಾಡಿಯನ್ನು ಮುಂದೆ ತಳ್ಳುವ ಪಂಪಿಗೆ ದಡದಲ್ಲಿ ನೀರಿನ ಭಾರವಿಲ್ಲ. ದೋಷ ಹೊರಬೀಳುವುದು ಭಾರ ಬಿದ್ದಾಗಲೇ.

ಮೊದಲು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು) ನೋಡಿ. ಎಂಜಿನ್ ಜೋರಾಗಿ ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ ತಪ್ಪು ಪಂಪಿನದು. ಎಂಜಿನ್ ಆರಿಸಿ, ಕೀ ತೆಗೆದು, ತಳದ ಜಾಲರಿಗೆ ಸಿಕ್ಕಿದ ಜೊಂಡು, ಹಗ್ಗ ಬಿಡಿಸಿ. ಪಂಪಿನೊಳಗೆ ತಿರುಗುವ ಇಂಪೆಲರ್ ಅಲಗಿಗೂ ಅದರ ಸುತ್ತಲಿನ ವೇರ್ ರಿಂಗಿಗೂ ನಡುವಿನ ಸಂದು 1 ಮಿ.ಮೀ. ಆಗಿದ್ದರೆ ರಿಂಗ್ ಬದಲಿಸಿ.

ಆರ್‌ಪಿಎಂ ಏರುತ್ತಲೇ ಇಲ್ಲವೇ? ಪೆಟ್ರೋಲ್ ಫಿಲ್ಟರ್ ಬಟ್ಟಲು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರವೋ ಉರುಳುವ ಮಣಿಗಳೋ ಕಂಡರೆ ಅದು ನೀರು. ಎಥೆನಾಲ್ ಬೆರೆತ ಪೆಟ್ರೋಲ್ ಮಳೆಗಾಲವಿಡೀ ನಿಂತರೆ ಹೀಗಾಗುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಅಕ್ಕಪಕ್ಕ ಇಡಿ: ಒಂದು ಕಂದು, ಇನ್ನೊಂದು ಒದ್ದೆಯಾಗಿದ್ದರೆ ಒದ್ದೆ ಸಿಲಿಂಡರ್ ಉರಿಯುತ್ತಿಲ್ಲ. ಹೊಸ ಪ್ಲಗ್ ಹಾಕಿಯೂ ಸರಿಹೋಗದಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಬಹಳ ಜನ ಮರೆಯುವುದು ಹೊಗೆ ಸೋರಿಕೆಯನ್ನು. ಸೀಟು ಮುಚ್ಚಿದಾಗ ಮಂಕು, ತೆಗೆದಾಗ ಚುರುಕು ಅಂದರೆ ಎಕ್ಸಾಸ್ಟ್ ಹೋಸ್ (ಹೊಗೆ ಹೊರಹಾಕುವ ಕೊಳವೆ) ಬಿರುಕುಬಿಟ್ಟು ಹೊಗೆ ಒಳಗೇ ತುಂಬುತ್ತಿದೆ, ಎಂಜಿನ್‌ಗೆ ಉಸಿರಿಲ್ಲ. ಕ್ಲಾಂಪ್‌ಗಳ ಸುತ್ತ ಕಪ್ಪು ಮಸಿ ಹುಡುಕಿ.

ದಡದಲ್ಲಿ ಎಂಜಿನ್ ತಂಪಾಗಲು ನೀರಿನ ಪೈಪ್ ಕೊಟ್ಟು ಓಡಿಸುವಾಗ ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್ ಬಂದ್ ಮಾಡಿ. ಅದಲು ಬದಲಾದರೆ ಸಿಲಿಂಡರಿಗೇ ನೀರು ನುಗ್ಗುತ್ತದೆ.