ಮರೆವಿನ ಅಪ್ಪನ ಹೆಬ್ಬೆಟ್ಟು, ಬೇರೆಯವರ ಕೈಲಿ ಜಿಪಿಎ: ಪ್ರಶ್ನಿಸುವುದು ಹೇಗೆ?

ಅಪ್ಪನಿಗೆ ಮರೆವಿನ ಕಾಯಿಲೆ. ಮಕ್ಕಳ ಹೆಸರೇ ಒಮ್ಮೊಮ್ಮೆ ನೆನಪಿಗೆ ಬರುವುದಿಲ್ಲ. ಅಂಥವರು ಯಾರಿಗೋ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ), ಅಂದರೆ ತಮ್ಮ ಪರವಾಗಿ ವ್ಯವಹಾರ ನಡೆಸುವ ಅಧಿಕಾರಪತ್ರ, ಬರೆದುಕೊಟ್ಟಿದ್ದಾರೆ ಅಂತ ಒಂದು ದಿನ ಗೊತ್ತಾಗುತ್ತದೆ. ಗಾಬರಿಯಲ್ಲಿ ಮನೆಯವರು ಏನು ಮಾಡುತ್ತಾರೆ? ಅದೇ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ರೆಡಿಮೇಡ್ ‘ಜಿಪಿಎ ರದ್ದತಿ ಪತ್ರ’ ಮಾಡಿಸಿ, ಅದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ.

ಇದೊಂದನ್ನು ಮಾತ್ರ ಮಾಡಲೇಬೇಡಿ. ರದ್ದು ಮಾಡುವಷ್ಟು ಬುದ್ಧಿ ಸರಿಯಿದ್ದವರಿಗೆ ಬರೆದುಕೊಡುವಾಗಲೂ ಸರಿಯಿತ್ತು ಅಲ್ವಾ ಅಂತ ಎದುರಿನ ವಕೀಲರು ಕೇಳೇ ಕೇಳುತ್ತಾರೆ. ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಿಮ್ಮ ಹೆಸರಿಗೆ ಹೊಸ ಜಿಪಿಎ ಮಾಡಿಸಿಕೊಳ್ಳುವುದೂ ಇದೇ ಗುಂಡಿ.

ಮೊದಲು ತಾರೀಖು ನೋಡಿ

ಸಹಿ ಹಾಕಿದಾಗಲೇ ಅವರಿಗೆ ತಿಳಿವಳಿಕೆ ಇರಲಿಲ್ಲವೇ? ಅಥವಾ ಆಗ ಸರಿಯಿದ್ದು, ಆಮೇಲೆ ಹೋಯಿತೇ? ಎರಡೂ ಬೇರೆ ಬೇರೆ ಕೇಸು. ಮೊದಲನೆಯದರಲ್ಲಿ ಪತ್ರವೇ ಊರ್ಜಿತವಲ್ಲ ಅಂತ ನೀವು ಸಾಬೀತು ಮಾಡಬೇಕು.

ಎರಡನೆಯದು ಸುಲಭ. ಆದರೆ ಜನರಿಗೆ ಗೊತ್ತೇ ಇಲ್ಲ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಮಾತ್ರವಲ್ಲ, ಬುದ್ಧಿ ಸ್ಥಿಮಿತ ಕಳೆದುಕೊಂಡರೂ ಆ ಅಧಿಕಾರ ಮುಗಿಯುತ್ತದೆ. ‘ನನ್ನ ಬುದ್ಧಿ ಸ್ಥಿಮಿತ ಹೋದ ಮೇಲೂ ನಡೆಯಲಿ’ ಎಂಬ ಜಿಪಿಎ ಕೆಲವು ದೇಶಗಳಲ್ಲಿದೆ, ನಮ್ಮಲ್ಲಿಲ್ಲ. ಅಪ್ಪ ಕೋಮಾದಲ್ಲಿರುವಾಗ ‘ನನ್ನ ಹತ್ತಿರ ಜಿಪಿಎ ಇದೆ’ ಅಂತ ಸೈಟು ಮಾರಲು ಹೊರಟವನ ಕೈಲಿರುವುದು ಬರೀ ಕಾಗದ. ಒಂದು ವಿನಾಯಿತಿ ಇದೆ: ಆ ಆಸ್ತಿಯಲ್ಲಿ ಏಜೆಂಟನಿಗೇ, ಅಂದರೆ ಜಿಪಿಎ ಹಿಡಿದವನಿಗೇ, ಹಿತಾಸಕ್ತಿ ಇದ್ದರೆ, 202ನೇ ಸೆಕ್ಷನ್ ಅವನ ನೆರವಿಗೆ ಬರುತ್ತದೆ. ‘ದುಡ್ಡು ಪೂರ್ತಿ ಕೊಟ್ಟಿದ್ದೇನೆ, ಇದು ರದ್ದಾಗದ ಜಿಪಿಎ’ ಅನ್ನುವವರು ಹಿಡಿಯುವುದು ಇದನ್ನೇ. ಹಾಗಾಗಿ ಹಣ ನಿಜವಾಗಿ ಬಂತಾ ಅಂತ ಅಪ್ಪನ ಪಾಸ್‌ಬುಕ್ ನೋಡಿ.

ನಕಲು ತೆಗೆಸಿ

ನೋಂದಣಿಯಾದ ಜಿಪಿಎ ಸಾಮಾನ್ಯವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ 4ನೇ ಪುಸ್ತಕದಲ್ಲಿ ಇರುತ್ತದೆ. ಅದರ ನಕಲು ಕೇಳಿದವರಿಗೆಲ್ಲ ಸಿಗುವುದಿಲ್ಲ, ಇಸಿಯಲ್ಲೂ (ಋಣಭಾರ ಪ್ರಮಾಣಪತ್ರ) ಕಾಣಿಸುವುದಿಲ್ಲ. ಆದರೆ ಅದನ್ನು ಬಳಸಿ ಮಾಡಿದ ಕ್ರಯಪತ್ರ 1ನೇ ಪುಸ್ತಕದಲ್ಲಿರುತ್ತದೆ, ಅದರ ನಕಲು ಯಾರು ಬೇಕಾದರೂ ಪಡೆಯಬಹುದು. ಜಿಪಿಎ ವಿವರ ಅದರೊಳಗೇ ಸಿಗುತ್ತದೆ. ಮೂಲ ಪತ್ರವನ್ನು ಆಮೇಲೆ ಕೋರ್ಟ್ ಮೂಲಕ ತರಿಸಿಕೊಳ್ಳಿ.

ಆ ದಿನ, ಆ ಗಂಟೆ

ಕೇಸು ಗೆಲ್ಲುವುದೂ ಸೋಲುವುದೂ ಇಲ್ಲೇ. ಈಗ ಡಾಕ್ಟರ ಹತ್ತಿರ ಹೋಗಿ ‘ಇವರಿಗೆ ಮರೆವಿನ ಕಾಯಿಲೆ’ ಅಂತ ಸರ್ಟಿಫಿಕೇಟ್ ತಂದರೆ ಅದು ಇವತ್ತಿನ ಮಾತಾಯಿತು. ಕಾನೂನು ಕೇಳುವುದು ಸಹಿ ಹಾಕಿದ ಹೊತ್ತಿನ ಮಾತು. ಬುದ್ಧಿ ಸ್ಥಿಮಿತ ಇಲ್ಲದವರೂ ಸರಿಯಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಅಂತ ಕರಾರು ಕಾಯ್ದೆಯ 12ನೇ ಸೆಕ್ಷನ್ನೇ ಹೇಳುತ್ತದೆ. ‘ಅವತ್ತು ಬೆಳಿಗ್ಗೆ ಚೆನ್ನಾಗಿಯೇ ಮಾತಾಡಿದರು’ ಅನ್ನುವ ಸಾಕ್ಷಿ ಎದುರು ಕಡೆ ಇದ್ದೇ ಇರುತ್ತಾನೆ.

ಹಾಗಾಗಿ ಗಂಟೆ ಹುಡುಕಿ. ನೋಂದಣಿಯಾದ ಪತ್ರದ ಹಿಂಬದಿಯ ಷರಾದಲ್ಲಿ ಅದನ್ನು ಹಾಜರುಪಡಿಸಿದ ದಿನ, ಗಂಟೆ, ಜಾಗ ಬರೆದಿರುತ್ತಾರೆ. ಇ-ಸ್ಟ್ಯಾಂಪ್ ಇದ್ದರೆ ಯಾರು ಕೊಂಡರು, ಎಷ್ಟು ಗಂಟೆಗೆ ಅನ್ನುವುದೂ ಅದರ ಮೇಲೇ ಇರುತ್ತದೆ. ಹಾಸಿಗೆ ಹಿಡಿದವರ ಹೆಸರಲ್ಲಿ ಸ್ಟ್ಯಾಂಪ್ ಪೇಪರ್ ಕೊಂಡವನು ಲಾಭ ಪಡೆದವನೇ ಆಗಿದ್ದರೆ ಅದೂ ನಿಮ್ಮ ಸಾಕ್ಷಿ. ಬರೀ ನೋಟರಿ ಮಾಡಿಸಿದ ಪತ್ರವಾದರೆ ನೋಟರಿಯವರ ರಿಜಿಸ್ಟರ್‌ನಲ್ಲಿ ಆ ಕ್ರಮಸಂಖ್ಯೆ, ಆ ತಾರೀಖು ಇದೆಯಾ ನೋಡಿಸಿ. ನೋಟರಿ ದೃಢೀಕರಿಸಿದ ಜಿಪಿಎಯನ್ನು ಸರಿಯಾಗಿಯೇ ಬರೆದುಕೊಟ್ಟದ್ದು ಅಂತ ಕೋರ್ಟ್ ಮೊದಲಿಗೆ ನಂಬುತ್ತದೆ. ನಂಬಿಕೆ ಮುರಿಯುವ ಹೊರೆ ನಿಮ್ಮದು.

ಈಗ ಆ ಗಂಟೆಯ ಪಕ್ಕದಲ್ಲಿ ಆಸ್ಪತ್ರೆಯ ಕಾಗದ ಇಡಿ. ಡಿಸ್ಚಾರ್ಜ್ ಸಮ್ಮರಿ ಸಾಲದು, ಪೂರ್ತಿ ಕೇಸ್ ಶೀಟ್ ಬೇಕು. ಅದರಲ್ಲೂ ನರ್ಸ್‌ಗಳು ಪ್ರತಿ ಪಾಳಿಯಲ್ಲಿ ಬರೆಯುವ ಟಿಪ್ಪಣಿ ಬಹಳ ಮುಖ್ಯ. ‘ಮಂಪರಿನಲ್ಲಿದ್ದಾರೆ, ಕರೆದರೆ ಕಣ್ಣು ಬಿಡುತ್ತಾರೆ, ಜಾಗದ ಅರಿವಿಲ್ಲ’ ಅಂತ ಹತ್ತು ಗಂಟೆಗೆ ಒಂದು ಸಾಲಿದ್ದು, ಹನ್ನೊಂದಕ್ಕೆ ಜಿಪಿಎಗೆ ಹೆಬ್ಬೆಟ್ಟು ಬಿದ್ದಿದ್ದರೆ, ಆ ಸಾಲು ಹತ್ತು ನೆಂಟರ ಸಾಕ್ಷಿಗಿಂತ ಜಾಸ್ತಿ ತೂಗುತ್ತದೆ. ನಿದ್ದೆ ಬರಿಸುವ ಔಷಧ ಎಷ್ಟು ಹೊತ್ತಿಗೆ ಕೊಟ್ಟರು ಅನ್ನುವುದು ಔಷಧದ ಚಾರ್ಟ್‌ನಲ್ಲಿ ಸಿಗುತ್ತದೆ. ಹಿಂದೆ ಮಾಡಿದ ನೆನಪಿನ ಪರೀಕ್ಷೆಯ ಅಂಕವೂ (ಸಾಮಾನ್ಯವಾಗಿ 30ಕ್ಕೆ) ಬೇಕು. ವೈದ್ಯರ ನಡವಳಿಕೆಯ 2002ರ ನಿಯಮಗಳ ಪ್ರಕಾರ, ರೋಗಿ ಅಥವಾ ಅವರ ಕಡೆಯ ಅಧಿಕೃತ ವ್ಯಕ್ತಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದ್ದು 3 ವರ್ಷ ಮಾತ್ರ. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ, ತಡ ಮಾಡಬೇಡಿ.

ಅಪ್ಪನನ್ನು ಕೂರಿಸಿ, ಮೊಬೈಲ್ ಹಿಡಿದು, ‘ಇವರ್ಯಾರು ಹೇಳು’ ಅಂತ ಗದರಿಸುತ್ತಾ ವಿಡಿಯೊ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಅವರಿಗೂ ಅವಮಾನ, ನೋಡುವ ನ್ಯಾಯಾಧೀಶರಿಗೂ ನಿಮ್ಮ ಮೇಲೇ ಅನುಮಾನ.

ಎಲ್ಲರಿಗೂ ಪತ್ರ ಹಾಕಿ

ಬ್ಯಾಂಕ್ ಮ್ಯಾನೇಜರ್, ಸಬ್ ರಿಜಿಸ್ಟ್ರಾರ್, ಖಾತಾ ಬದಲಿಸುವ ಕಚೇರಿ, ಜಿಪಿಎ ಹಿಡಿದವನು, ಗೊತ್ತಿದ್ದರೆ ಕೊಳ್ಳಲು ಬಂದವನು: ಅಪ್ಪನ ಸ್ಥಿತಿ ಹೀಗಿದೆ, ಈ ಜಿಪಿಎ ನಡೆಯುವುದಿಲ್ಲ ಅಂತ ಎಲ್ಲರಿಗೂ ಸ್ಪೀಡ್ ಪೋಸ್ಟ್‌ನಲ್ಲಿ. ಇದು ಸುಮ್ನೆ ಶಾಸ್ತ್ರಕ್ಕಲ್ಲ. ಅಧಿಕಾರ ಮುಗಿದದ್ದು ಹೊರಗಿನವರ ಮಟ್ಟಿಗೆ ಲೆಕ್ಕಕ್ಕೆ ಬರುವುದು ಅವರಿಗೆ ಗೊತ್ತಾದ ಮೇಲೆ ಅಂತ ಕರಾರು ಕಾಯ್ದೆಯ 208ನೇ ಸೆಕ್ಷನ್ ಹೇಳುತ್ತದೆ.

ದಾವೆ

ಅಪ್ಪನ ಪರವಾಗಿ ದಾವೆ ಹೂಡುವವರನ್ನು ‘ವಾದಮಿತ್ರ’ ಅನ್ನುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮ ಇದಕ್ಕೆ ದಾರಿ. ಅಪ್ಪನಿಗೆ ತಮ್ಮ ಹಿತ ಕಾಯ್ದುಕೊಳ್ಳಲು ಆಗುತ್ತದೆಯೇ ಅಂತ ಕೋರ್ಟೇ ವಿಚಾರಣೆ ಮಾಡುತ್ತದೆ. ವಾದಮಿತ್ರರಿಗೆ ಅವರ ಹಿತಕ್ಕೆ ವಿರುದ್ಧವಾದ ಹಿತ ಇರಬಾರದು. ಅದೇ ಆಸ್ತಿಯಲ್ಲಿ ಈಗಾಗಲೇ ದಾನಪತ್ರ ಬರೆಸಿಕೊಂಡ ಮಗ ಬೇಡ. ಏನನ್ನೂ ಪಡೆಯದ ಮಗಳೋ ಹೆಂಡತಿಯೋ ನಿಲ್ಲುವುದು ಒಳ್ಳೆಯದು. ಹೆಣ್ಣುಮಕ್ಕಳಿಗೂ ಅಂಗವಿಕಲರಿಗೂ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಿಸಿ. ಪತ್ರ ರದ್ದತಿಗೆ ವಿಷಯ ತಿಳಿದಾಗಿನಿಂದ 3 ವರ್ಷ ಕಾಲಾವಕಾಶ. ಬುದ್ಧಿ ಸ್ಥಿಮಿತ ಇಲ್ಲದವರಿಗೆ ರಿಯಾಯಿತಿ ಇದೆ, ನಿಜ. ಆದರೆ ಅದನ್ನು ನಂಬಿ ಕೂರಬೇಡಿ. ಆಸ್ತಿ ಕೈ ಬದಲಾಗಲು ಅಷ್ಟು ದಿನ ಬೇಕಿಲ್ಲ.

‘ಎಸಿ (ಉಪವಿಭಾಗಾಧಿಕಾರಿ) ಕೋರ್ಟ್‌ಗೆ ಒಂದು ಅರ್ಜಿ ಕೊಡಿ ಸಾಕು’ ಅಂತ ಸಲಹೆ ಕೊಡುವವರು ಸಿಗುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇರುವುದು ನೋಡಿಕೊಳ್ಳುತ್ತೇನೆ ಅಂತ ಆಸ್ತಿ ಬರೆಸಿಕೊಂಡು ಕೈಬಿಟ್ಟವರ ವಿಷಯಕ್ಕೆ. ಬುದ್ಧಿ ಸ್ಥಿಮಿತದ ವಿವಾದಕ್ಕೆ ಸಿವಿಲ್ ಕೋರ್ಟೇ ಸರಿ. ಪೊಲೀಸ್ ದೂರು ಉಪಯೋಗಕ್ಕೆ ಬರುವುದು ಸಹಿಯೇ ಫೋರ್ಜರಿ ಆಗಿದ್ದರೆ, ಹಣ ಎತ್ತಿದ್ದರೆ, ಇಲ್ಲವೇ ಬುದ್ಧಿ ಸ್ಥಿಮಿತ ಇಲ್ಲ ಅಂತ ಗೊತ್ತಿದ್ದೂ ಮೋಸದಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ.

ಜಿಪಿಎ ನಿಂತ ಮೇಲೆ ಅಪ್ಪನ ಔಷಧಕ್ಕೆ ಹಣ ತೆಗೆಯುವವರು ಯಾರು? 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿಗೆ ಪೋಷಕರನ್ನು (ಗಾರ್ಡಿಯನ್) ನೇಮಿಸುವ ದಾರಿಯಿಲ್ಲ. ಹಾಗಾಗಿ ಕೋಮಾದಲ್ಲಿರುವವರ ಮನೆಯವರು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ಹೋಗುತ್ತಾರೆ. ಅರ್ಜಿಯಲ್ಲಿ ‘ಪೋಷಕರನ್ನಾಗಿ ನೇಮಿಸಿ’ ಅಂತಷ್ಟೇ ಬರೆಸಬೇಡಿ. ಯಾವ ಬ್ಯಾಂಕು, ಯಾವ ಖಾತೆ, ಯಾವ ಠೇವಣಿ ಅಂತ ಒಂದೊಂದನ್ನೂ ಬರೆಸಿ. ಆದೇಶದಲ್ಲಿ ಹೆಸರಿಲ್ಲದ ಖಾತೆಯನ್ನು ಬ್ಯಾಂಕಿನವರು ಮುಟ್ಟಲು ಬಿಡುವುದು ಕಷ್ಟ.